ಸೋಲಾರ್ ಪ್ಲಾಂಟ್‌ನ ಶಾರ್ಟ್ ಸರ್ಕ್ಯೂಟ್ ಲೆಕ್ಕ: ಇನ್ವರ್ಟರ್ ಪಾಲು ಎಷ್ಟು ಹಿಡಿಯಬೇಕು?

ಬಿಸಿಲ್ಗುದುರೆ
ಗ್ರಿಡ್‌ಗೆ ಸೇರುವ 1 ಮೆಗಾವ್ಯಾಟ್ ಪ್ಲಾಂಟ್. 100 ಕೆವಿಎ ಸ್ಟ್ರಿಂಗ್ ಇನ್ವರ್ಟರ್ ಹತ್ತು, ಔಟ್‌ಪುಟ್ 800 ವೋಲ್ಟ್. ಹತ್ತೂ ಒಂದೇ ಎಸಿ ಪ್ಯಾನೆಲ್‌ಗೆ ಬರುತ್ತವೆ. ಅಲ್ಲಿಂದ 1250 ಕೆವಿಎ, 11 ಕೆವಿ/800 ವೋಲ್ಟ್, 6% ಇಂಪೀಡೆನ್ಸ್‌ನ ಟ್ರಾನ್ಸ್‌ಫಾರ್ಮರ್. 11 ಕೆವಿ ಬಸ್‌ನಲ್ಲಿ (ಲೈನ್‌ಗಳೆಲ್ಲ ಸೇರುವ ಪಟ್ಟಿ) ಫಾಲ್ಟ್ ಲೆವೆಲ್, ಅಂದರೆ ಶಾರ್ಟ್ ಆದರೆ ಗ್ರಿಡ್ ಸುರಿಯಬಲ್ಲದ್ದು, 250 ಎಂವಿಎ.

800 ವೋಲ್ಟ್ ಬಸ್‌ಗೆ ಎರಡು ಲೆಕ್ಕ ಮುಂದಿವೆ. ಒಂದರಲ್ಲಿ ಇನ್ವರ್ಟರನ್ನು 20% ರಿಯಾಕ್ಟೆನ್ಸ್‌ನ ಜನರೇಟರ್ ಅಂತ ಹಿಡಿದು 3.6 ಕಿಲೋಆಂಪ್ ಸೇರಿಸಿದ್ದಾರೆ. ಇನ್ನೊಂದರಲ್ಲಿ ಇನ್ವರ್ಟರ್ ಪಾಲು ಸೊನ್ನೆ. ಯಾವುದು ಸರಿ? ಬ್ರೇಕರ್ ಆರ್ಡರ್ ಇದರ ಮೇಲೆ ನಿಂತಿದೆ.

ಓಮ್‌ಶಾಂತಿ
ಎರಡೂ ತಪ್ಪು. ಮೊದಲನೆಯದು ಜಾಸ್ತಿ ತಪ್ಪು.

ಜನರೇಟರ್‌ನಲ್ಲಿ ತಿರುಗುವ ರೋಟರ್ ಇದೆ, ಅದರಲ್ಲಿ ಕೂಡಿಟ್ಟ ಶಕ್ತಿ ಇದೆ, ಫೀಲ್ಡ್ ಇದೆ. ಟರ್ಮಿನಲ್ ಶಾರ್ಟ್ ಆದರೂ ಒಳಗಿನ ವೋಲ್ಟೇಜ್ ತಕ್ಷಣ ಬೀಳಲ್ಲ, ಅದಕ್ಕೇ ಐದಾರು ಪಟ್ಟು ಕರೆಂಟ್ ನುಗ್ಗುತ್ತೆ. ಇನ್ವರ್ಟರ್‌ನಲ್ಲಿ ಇರೋದು ಐಜಿಬಿಟಿ, ಅಂದರೆ ಸೆಮಿಕಂಡಕ್ಟರ್ ಸ್ವಿಚ್. ಐದು ಪಟ್ಟು ಕರೆಂಟ್ ಹರಿದರೆ ಅದು ಉಳಿಯಲ್ಲ, ಹಾಗಾಗಿ ಕಂಟ್ರೋಲ್ ಬೋರ್ಡ್ ಕರೆಂಟನ್ನು ಕತ್ತು ಹಿಡಿದು ನಿಲ್ಲಿಸುತ್ತೆ. ಸಾಮಾನ್ಯವಾಗಿ ರೇಟೆಡ್ ಕರೆಂಟ್‌ನ 1.0ರಿಂದ 1.2 ಪಟ್ಟು, ಅಷ್ಟೇ. ಆದ್ದರಿಂದ ಅದು ಕರೆಂಟ್ ಸೋರ್ಸ್; ಇಂಪೀಡೆನ್ಸ್‌ನ ಹಿಂದೆ ಕೂತ ವೋಲ್ಟೇಜ್ ಸೋರ್ಸ್ ಅಲ್ಲ. ಶಾರ್ಟ್ ಸರ್ಕ್ಯೂಟ್ ಲೆಕ್ಕದ ಮಾನದಂಡ ಐಇಸಿ 60909ರ 2016ರ ಆವೃತ್ತಿ ಕೂಡ ಪೂರ್ತಿ ಕನ್ವರ್ಟರ್ ಮೂಲಕ ಬರುವ ಪ್ಲಾಂಟ್‌ಗಳನ್ನು ಹೀಗೇ ನೋಡುತ್ತೆ.

ನಿಮ್ಮ ಅಂಕಿ:
ಒಂದು ಇನ್ವರ್ಟರ್ = 100 ÷ (1.732 × 0.8) = 72.2 ಆಂಪ್
ಹತ್ತಕ್ಕೆ 722 ಆಂಪ್, 1.2 ಪಟ್ಟು ಹಿಡಿದರೆ 866 ಆಂಪ್

ಅಂದರೆ 0.87 ಕಿಲೋಆಂಪ್. 3.6 ಅಲ್ಲ.

ಫ್ಯೂಸ್‌ಕಟ್ಟೆ
ಗ್ರಿಡ್ ಕಡೆಯದನ್ನೂ ಹಾಕಿಬಿಡಿ, ಅರ್ಧ ಲೆಕ್ಕ ಯಾಕೆ.

ಟ್ರಾನ್ಸ್‌ಫಾರ್ಮರ್ ರೇಟೆಡ್ ಕರೆಂಟ್ = 1250 ÷ (1.732 × 0.8) = 902 ಆಂಪ್
ಟ್ರಾನ್ಸ್‌ಫಾರ್ಮರ್ ಇಂಪೀಡೆನ್ಸ್ 0.06 ಪರ್ ಯೂನಿಟ್ (ಅದರ ರೇಟಿಂಗ್‌ನ ಪಾಲಾಗಿ ಬರೆದದ್ದು, 6% ಅಂದರೆ 0.06)
ಗ್ರಿಡ್ = 1.25 ÷ 250 = 0.005 ಪರ್ ಯೂನಿಟ್
ಒಟ್ಟು 0.065
902 ÷ 0.065 = 13.9 ಕಿಲೋಆಂಪ್. ವೋಲ್ಟೇಜ್ ಹೆಚ್ಚಿರೋ ಹೊತ್ತಿಗೆ ಅಂತ ವೋಲ್ಟೇಜ್ ಫ್ಯಾಕ್ಟರ್ 1.1 ಹಾಕಿದರೆ 15.3.

ಹಳೇ_ರಿಲೇ
ಒಂದು ಸಣ್ಣ ತಿದ್ದುಪಡಿ. ಮೇಲೆ 1.1 ಹಾಕಿದ ಮೇಲೆ ಗ್ರಿಡ್ ಇಂಪೀಡೆನ್ಸ್‌ಗೂ ಅದೇ 1.1 ಹಾಕಬೇಕು ಸ್ವಾಮಿ. 250 ಎಂವಿಎ ಅನ್ನೋ ಅಂಕಿಯೇ ಆ ಫ್ಯಾಕ್ಟರ್ ಸೇರಿಸಿ ಬಂದದ್ದು. ಇಲ್ಲದಿದ್ದರೆ ಒಂದನ್ನೇ ಎರಡು ಸಲ ಎಣಿಸಿದಂತೆ.

ಗ್ರಿಡ್ = 0.0055
ಟ್ರಾನ್ಸ್‌ಫಾರ್ಮರ್ ತಿದ್ದುಪಡಿ = 0.95 × 1.1 ÷ (1 + 0.6 × 0.06) = 1.009, ಹಾಗಾಗಿ 0.0605
ಒಟ್ಟು 0.066
1.1 ÷ 0.066 × 902 = 15.03 ಕಿಲೋಆಂಪ್

ಇನ್ವರ್ಟರ್ 0.87 ಸೇರಿಸಿ 15.9. ಇಲ್ಲಿ ವ್ಯತ್ಯಾಸ ಚಿಕ್ಕದು ನಿಜ. ಗ್ರಿಡ್ ಬಲಹೀನವಾಗಿರುವ ಕಡೆ ಇದೇ ತಪ್ಪು ದೊಡ್ಡದಾಗುತ್ತೆ.

ಫ್ಯೂಸ್‌ಕಟ್ಟೆ
ಒಪ್ಪಿದೆ. ಆತುರದಲ್ಲಿ ಬರೆದೆ.

ಮೂರನೇ_ಫೇಸ್
ಇನ್ವರ್ಟರ್ ಪಾಲು ಸೊನ್ನೆ ಅಂದವರು ಪೂರ್ತಿ ತಪ್ಪಲ್ಲ. ಗ್ರಿಡ್‌ಗೆ ಸೇರುವ ಇನ್ವರ್ಟರ್‌ಗಳ ಮಾನದಂಡ ಐಇಇಇ 1547ರ ಮೂರನೇ ಕ್ಯಾಟಗರಿಯಲ್ಲಿ ವೋಲ್ಟೇಜ್ 0.5 ಪರ್ ಯೂನಿಟ್‌ಗಿಂತ ಕೆಳಗೆ ಬಿದ್ದರೆ ಇನ್ವರ್ಟರ್ ಕರೆಂಟ್ ಕೊಡೋದನ್ನೇ ತಾತ್ಕಾಲಿಕವಾಗಿ ನಿಲ್ಲಿಸುತ್ತೆ. ಬಸ್ ಮೇಲೇ ಶಾರ್ಟ್ ಆದರೆ ವೋಲ್ಟೇಜ್ ಸೊನ್ನೆ ಹತ್ತಿರ. ಆಗ ಪಾಲೂ ಸೊನ್ನೆ.

ಓಮ್‌ಶಾಂತಿ
ಅದು ಸೆಟ್ಟಿಂಗ್‌ಗೆ ಬಿಟ್ಟದ್ದು. ಬೇರೆ ಗ್ರಿಡ್ ಕೋಡ್‌ಗಳಲ್ಲಿ ವೋಲ್ಟೇಜ್ ಬಿದ್ದಾಗ ಇನ್ವರ್ಟರ್ ಅಲ್ಲೇ ನಿಂತು ರಿಯಾಕ್ಟಿವ್ ಕರೆಂಟ್ ತಳ್ಳಬೇಕು. ಇವತ್ತು ಒಂದು ಮೋಡ್‌ನಲ್ಲಿರುವ ಯಂತ್ರವನ್ನು ನಾಳೆ ಫರ್ಮ್‌ವೇರ್ ಬದಲಿಸಿ ಇನ್ನೊಂದಕ್ಕೆ ಹಾಕಬಹುದು. ಬ್ರೇಕರ್ ಮಾತ್ರ ಇಪ್ಪತ್ತು ವರ್ಷ ಅದೇ ಇರುತ್ತೆ.

ಹಾಗಾಗಿ ಲೆಕ್ಕ ಎರಡು. ಗರಿಷ್ಠ ಲೆಕ್ಕದಲ್ಲಿ ಇನ್ವರ್ಟರ್ 1.2, ಇದು ಬ್ರೇಕರ್, ಬಸ್‌ಬಾರ್, ಕೇಬಲ್ ತಡೆಯುತ್ತವಾ ಅಂತ ನೋಡೋಕೆ. ಕನಿಷ್ಠ ಲೆಕ್ಕದಲ್ಲಿ ಇನ್ವರ್ಟರ್ ಸೊನ್ನೆ, ಇದು ರಿಲೇ, ಬ್ರೇಕರ್‌ಗೆ ಫಾಲ್ಟ್ ಕಾಣುತ್ತಾ ಅಂತ ನೋಡೋಕೆ. ಬಿಸಿಲ್ಗುದುರೆಯವರ ಮುಂದಿರುವ ಸೊನ್ನೆ ಲೆಕ್ಕ ಎರಡನೇ ಕೆಲಸಕ್ಕೆ ಸರಿ, ಮೊದಲನೇದಕ್ಕೆ ಅಲ್ಲ.

ಬಿಸಿಲ್ಗುದುರೆ
ಇನ್ವರ್ಟರ್ ಡೇಟಾಶೀಟ್‌ನಲ್ಲಿ "ಗರಿಷ್ಠ ಔಟ್‌ಪುಟ್ ಫಾಲ್ಟ್ ಕರೆಂಟ್" ಅಂತ 190 ಆಂಪ್ ಇದೆ. 72ರ 1.2 ಪಟ್ಟು 87 ಆಗಬೇಕಿತ್ತಲ್ಲ?

ಡೆಲ್ಟಾ_ಸ್ಟಾರ್
190ರ ಪಕ್ಕ ಸಣ್ಣ ಅಕ್ಷರದಲ್ಲಿ ಪೀಕ್ ಅಂತಲೋ ಮಿಲಿಸೆಕೆಂಡ್ ಅಂತಲೋ ಇರಬೇಕು, ನೋಡಿ.

ಶಾರ್ಟ್ ಆದ ಕ್ಷಣ ಔಟ್‌ಪುಟ್ ಫಿಲ್ಟರ್‌ನ ಕೆಪಾಸಿಟರ್ ಖಾಲಿಯಾಗುತ್ತೆ, ಕಂಟ್ರೋಲ್ ಲೂಪ್ ಎಚ್ಚರಗೊಳ್ಳೋಕೆ ಒಂದಷ್ಟು ಹೊತ್ತು ಬೇಕು. ಆ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಎರಡು ಪಟ್ಟೋ ಇನ್ನೂ ಮೇಲೋ ಒಂದು ಮುಳ್ಳು ಏಳುತ್ತೆ, ಆಮೇಲೆ ಇಳಿಯುತ್ತೆ. ಆ ಮುಳ್ಳನ್ನು ಆರ್‌ಎಂಎಸ್ ಅಂದುಕೊಂಡು ಹತ್ತರಿಂದ ಗುಣಿಸಿ ಬ್ರೇಕಿಂಗ್ ಕೆಪಾಸಿಟಿಗೆ ಸೇರಿಸಬೇಡಿ. ಬ್ರೇಕರ್ ಸಂಪರ್ಕ ಬಿಡಿಸೋ ಹೊತ್ತಿಗೆ ಅದು ಇರೋದೇ ಇಲ್ಲ.

ಬಿಸಿಲ್ಗುದುರೆ
ಹೌದು, "ಪೀಕ್, 3 ಮಿಲಿಸೆಕೆಂಡ್" ಅಂತಿದೆ. ಕಣ್ಣಿಗೆ ಬಿದ್ದಿರಲಿಲ್ಲ.

ಹಳೇ_ರಿಲೇ
ಪೀಕ್ ಮಾತು ಬಂತು, ಬಸ್‌ಬಾರ್ ಸಪೋರ್ಟ್‌ಗೆ ಅದೂ ಬೇಕು. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇರೋದರಿಂದ ಎಕ್ಸ್ ಬೈ ಆರ್ (ರಿಯಾಕ್ಟೆನ್ಸ್ ÷ ರೆಸಿಸ್ಟೆನ್ಸ್) 6 ಹಿಡಿದರೆ:

ಕಪ್ಪಾ (ಮೊದಲ ಪೀಕ್ ಎಷ್ಟು ಏರುತ್ತೆ ಅನ್ನೋ ಗುಣಕ) = 1.02 + 0.98 × 0.607 = 1.61
ಪೀಕ್ = 1.61 × 1.414 × 15.03 ≈ 34.3 ಕಿಲೋಆಂಪ್
ಇನ್ವರ್ಟರ್‌ಗೆ ಕಪ್ಪಾ ಇಲ್ಲ, ಬರೀ 1.414 × 0.87 = 1.2
ಒಟ್ಟು 35.5

ಐಇಸಿ 60947-2 ಪ್ರಕಾರ 20 ಕಿಲೋಆಂಪ್ ಬ್ರೇಕರ್‌ಗೆ ಮೇಕಿಂಗ್ ಕೆಪಾಸಿಟಿ (ಶಾರ್ಟ್ ಇರುವಾಗ ಮುಚ್ಚಿದರೂ ತಡೆಯುವ ಪೀಕ್) ಅದರ ಎರಡು ಪಟ್ಟು, 40. ಸಾಲುತ್ತೆ.

ಕರೆಂಟ್_ಹೋಯ್ತು
ಸಾಲುತ್ತೆ ಅನ್ನೋ ಮುಂಚೆ ಯಾವ ವೋಲ್ಟೇಜ್‌ನಲ್ಲಿ 20 ಅಂತ ನೋಡಿದಿರಾ? ಸೋಲಾರ್ ಎಸಿ ಪ್ಯಾನೆಲ್‌ನಲ್ಲಿ ಎಡವೋದು ಇಲ್ಲೇ. ಬ್ರೇಕರ್ ಮುಖದ ಮೇಲೆ ದೊಡ್ಡದಾಗಿ 36 ಕಿಲೋಆಂಪ್ ಅಂತಿರುತ್ತೆ, ಅದು 415 ವೋಲ್ಟ್‌ಗೆ. 690ಕ್ಕೆ ಬಂದರೆ ಅದೇ ಬ್ರೇಕರ್ ಹತ್ತಕ್ಕೋ ಅದಕ್ಕೂ ಕೆಳಗೋ ಇಳಿಯಬಹುದು. 800 ವೋಲ್ಟ್ ಸಾಲೇ ಟೇಬಲ್‌ನಲ್ಲಿ ಇಲ್ಲದಿದ್ದರೆ ಆ ಬ್ರೇಕರ್ ನಿಮಗಲ್ಲ. ಫಾಲ್ಟ್ ಲೆಕ್ಕ ನಾಲ್ಕು ದಶಮಾಂಶದವರೆಗೆ ಮಾಡಿ ಕೊನೆಗೆ 415ರ ಕಾಲಂ ಓದಿದರೆ ಏನು ಬಂತು.

ಫ್ಯೂಸ್‌ಕಟ್ಟೆ
+1. ಇಡೀ ಚರ್ಚೆಯಲ್ಲಿ ಇಲ್ಲಿಯವರೆಗಿನ ಬೆಲೆಬಾಳುವ ಪೋಸ್ಟ್ ಇದೇ.

ಮೂರನೇ_ಫೇಸ್
ಕೇಬಲ್ ಯಾರೂ ಮುಟ್ಟಲಿಲ್ಲ. ಪ್ಯಾನೆಲ್‌ನಿಂದ ಇನ್ವರ್ಟರ್‌ಗೆ ಎಷ್ಟು ದೂರ, ಯಾವ ಸೈಜು?

ಬಿಸಿಲ್ಗುದುರೆ
ಅತಿ ದೂರದ್ದು 120 ಮೀಟರ್. 70 ಚದರ ಮಿಮೀ ಅಲ್ಯೂಮಿನಿಯಂ, ಎಕ್ಸ್‌ಎಲ್‌ಪಿಇ ಇನ್ಸುಲೇಷನ್.

ಮೂರನೇ_ಫೇಸ್
ಸರಿ. 70ರ ಅಲ್ಯೂಮಿನಿಯಂ 20 ಡಿಗ್ರಿಯಲ್ಲಿ ಕಿಲೋಮೀಟರ್‌ಗೆ 0.443 ಓಮ್. 120 ಮೀಟರ್‌ಗೆ 53 ಮಿಲಿಓಮ್. ರಿಯಾಕ್ಟೆನ್ಸ್ ಕಿಮೀಗೆ 0.08 ಹಿಡಿದರೆ 9.6 ಮಿಲಿಓಮ್.

ಬಸ್‌ವರೆಗಿನ ಇಂಪೀಡೆನ್ಸ್ 0.066 × 0.512 = 33.8 ಮಿಲಿಓಮ್. ಅದರಲ್ಲಿ ಆರ್ 5.6, ಎಕ್ಸ್ 33.3. ಕೂಡಿದರೆ ಆರ್ 58.7, ಎಕ್ಸ್ 42.9, ಒಟ್ಟು 72.7 ಮಿಲಿಓಮ್.

1.1 × 800 ÷ (1.732 × 0.0727) ≈ 7 ಕಿಲೋಆಂಪ್

ಪ್ಯಾನೆಲ್ ಹತ್ತಿರ 15 ಇದ್ದದ್ದು ಇನ್ವರ್ಟರ್ ಟರ್ಮಿನಲ್‌ಗೆ ಬರೋ ಹೊತ್ತಿಗೆ ಅರ್ಧಕ್ಕೂ ಕಡಿಮೆ. ಆ 7 ಕಿಲೋಆಂಪ್ ಬರೋದು ಗ್ರಿಡ್‌ನಿಂದ. ಇನ್ವರ್ಟರ್ ತಾನೇ ಹುಟ್ಟಿಸಿದ್ದಲ್ಲ.

ಓಮ್‌ಶಾಂತಿ
ಆದರೆ ಕೇಬಲ್ ತಡೆಯುತ್ತಾ ಅಂತ ನೋಡುವಾಗ 7 ಹಾಕಬೇಡಿ. ಫಾಲ್ಟ್ ಕೇಬಲ್‌ನ ಹತ್ತಿರದ ತುದಿಯಲ್ಲೂ ಆಗಬಹುದು, ಪ್ಯಾನೆಲ್‌ನ ಗ್ಲ್ಯಾಂಡ್ ಹೊರಗೆ. ಅಲ್ಲಿ ಗ್ರಿಡ್‌ನ 15.03 ಜೊತೆಗೆ ಉಳಿದ ಒಂಬತ್ತು ಇನ್ವರ್ಟರ್‌ನ 0.78, ಒಟ್ಟು 15.8 ಕಿಲೋಆಂಪ್.

ಎಕ್ಸ್‌ಎಲ್‌ಪಿಇ ಅಲ್ಯೂಮಿನಿಯಂಗೆ ಕೆ (ಕೇಬಲ್ ಶಾರ್ಟ್‌ನ ಬಿಸಿ ತಡೆಯುವ ಗುಣಾಂಕ) 94. (94 × 70)ರ ವರ್ಗ 43.3 ಮಿಲಿಯನ್. 15,800ರ ವರ್ಗ 250 ಮಿಲಿಯನ್. ಭಾಗಿಸಿದರೆ 0.17 ಸೆಕೆಂಡ್. ಅಂದರೆ ಫೀಡರ್ ಬ್ರೇಕರ್ (ಪ್ಯಾನೆಲ್‌ನಲ್ಲಿ ಆ ಇನ್ವರ್ಟರ್ ಕೇಬಲ್‌ಗಿರುವುದು) ಅಷ್ಟರೊಳಗೆ ಕಡಿಯಬೇಕು. ಇನ್‌ಸ್ಟಂಟೇನಿಯಸ್ ಟ್ರಿಪ್ ಇದ್ದರೆ ಚಿಂತೆ ಇಲ್ಲ. ಯಾರಾದರೂ ಕೋಆರ್ಡಿನೇಷನ್ ಅಂತ ಫೀಡರ್‌ಗೇ 0.3 ಸೆಕೆಂಡ್ ಡಿಲೇ ಇಟ್ಟರೆ ಕೇಬಲ್ ಸುಟ್ಟಿತು. ಡಿಲೇ ಇಡೋದಿದ್ದರೆ ಇನ್‌ಕಮರ್‌ನಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರ್ ಕಡೆಯ ಮುಖ್ಯ ಬ್ರೇಕರ್‌ನಲ್ಲಿ ಇಡಿ.

ಹಳೇ_ರಿಲೇ
ಕನಿಷ್ಠ ಲೆಕ್ಕವನ್ನೂ ಮುಗಿಸೋಣ. ಶಾರ್ಟ್ ಮುಗಿಯುವ ಹೊತ್ತಿಗೆ ವಾಹಕ 250 ಡಿಗ್ರಿಗೆ ಹೋಗಿರಬಹುದು, ರೆಸಿಸ್ಟೆನ್ಸ್ 1.92 ಪಟ್ಟು, 102 ಮಿಲಿಓಮ್. ವೋಲ್ಟೇಜ್ ಫ್ಯಾಕ್ಟರ್ 0.9. ಎರಡು ಫೇಸ್ ಮಾತ್ರ ತಾಗಿದರೆ 0.866. ಎಲ್ಲಾ ಹಾಕಿದರೆ ದೂರದ ತುದಿಯಲ್ಲಿ ಸುಮಾರು 3.1 ಕಿಲೋಆಂಪ್. ಗ್ರಿಡ್‌ನ ಕನಿಷ್ಠ ಫಾಲ್ಟ್ ಲೆವೆಲ್ 250ಕ್ಕಿಂತ ಕಡಿಮೆ ಇದ್ದರೆ ಇನ್ನೂ ಇಳಿಯುತ್ತೆ, ಅದನ್ನೂ ಬರೆದು ಕೇಳಿ ತರಿಸಿಕೊಳ್ಳಿ. 125 ಆಂಪ್ ಫೀಡರ್ ಬ್ರೇಕರ್‌ನ (ಎಂಸಿಸಿಬಿ) ಮ್ಯಾಗ್ನೆಟಿಕ್ ಟ್ರಿಪ್ ಹತ್ತು ಪಟ್ಟಿದ್ದರೆ 1250, 20% ಟಾಲರೆನ್ಸ್ ಸೇರಿ 1500. 3100ಕ್ಕೆ ಖಂಡಿತ ಬೀಳುತ್ತೆ.

ಡೆಲ್ಟಾ_ಸ್ಟಾರ್
ಇನ್ನೊಂದು ಕಡೆಯಿಂದಲೂ ನೋಡಿ. ಬಸ್ ಮೇಲೆ ಫಾಲ್ಟ್ ಆದಾಗ ಇನ್ವರ್ಟರ್ ಫೀಡರ್‌ನ ಬ್ರೇಕರ್‌ಗೆ ಕಾಣೋದು ತನ್ನ ಇನ್ವರ್ಟರ್‌ನ 87 ಆಂಪ್ ಮಾತ್ರ. 125ರ ಬ್ರೇಕರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಹತ್ತೂ ಬ್ರೇಕರ್ ಆರಾಮಾಗಿ ಕೂತಿರುತ್ತವೆ, ಗ್ರಿಡ್ ಪಾಲನ್ನು ಇನ್‌ಕಮರ್ ಕಡಿಯುತ್ತೆ, ಇನ್ವರ್ಟರ್‌ಗಳು ಅಂಡರ್‌ವೋಲ್ಟೇಜ್‌ನಿಂದ ತಾವೇ ಆಫ್ ಆಗುತ್ತವೆ. "ಫಾಲ್ಟ್ ಆದರೂ ಫೀಡರ್ ಬ್ರೇಕರ್ ಯಾಕೆ ಟ್ರಿಪ್ ಆಗಲಿಲ್ಲ" ಅಂತ ಅದನ್ನು ಬದಲಿಸೋಕೆ ಹೊರಡಬೇಡಿ.

ಸೊನ್ನೆ_ಸೀಕ್ವೆನ್ಸ್
ಎಲ್ಲರೂ ಮೂರು ಫೇಸ್ ಫಾಲ್ಟ್ ಮಾತಾಡ್ತಿದ್ದೀರಿ. ನಿಜಕ್ಕೂ ಹೆಚ್ಚು ಆಗೋದು ಒಂದು ಫೇಸ್ ಭೂಮಿಗೆ ತಾಗೋದು. 800 ವೋಲ್ಟ್ ಕಡೆ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ ಅರ್ತ್ ಮಾಡಿದ್ದಾರಾ?

ಬಿಸಿಲ್ಗುದುರೆ
ಇಲ್ಲ. ಅರ್ತ್ ಮಾಡಬಾರದು ಅಂತ ಇನ್ವರ್ಟರ್ ಮ್ಯಾನ್ಯುಯಲ್‌ನಲ್ಲೇ ಇದೆ.

ಸೊನ್ನೆ_ಸೀಕ್ವೆನ್ಸ್
ಹಾಗಾದರೆ ಅಲ್ಲಿ ಸಿಂಗಲ್ ಫೇಸ್ ಅರ್ತ್ ಫಾಲ್ಟ್ ಕರೆಂಟ್ ಹೆಚ್ಚುಕಡಿಮೆ ಸೊನ್ನೆ. ಕೇಬಲ್ ಕೆಪಾಸಿಟೆನ್ಸ್ ಮೂಲಕ ಹರಿಯುವ ಚೂರುಪಾರು ಅಷ್ಟೇ. ಯಾವ ಬ್ರೇಕರೂ ಬೀಳಲ್ಲ, ಪ್ಲಾಂಟ್ ನಡೀತಾನೇ ಇರುತ್ತೆ, ಉಳಿದೆರಡು ಫೇಸ್ ಭೂಮಿಗೆ 462ರ ಬದಲು 800 ವೋಲ್ಟ್‌ನಲ್ಲಿ ನಿಲ್ಲುತ್ತವೆ. ಸರ್ಜ್ ಅರೆಸ್ಟರ್ ಇದಕ್ಕೆ ತಕ್ಕದ್ದಿರಬೇಕು. ಇನ್ಸುಲೇಷನ್ ಮಾನಿಟರ್ ಹಾಕಿ ಅಲಾರಂ ಎಲ್ಲಿಗೋ ಹೋಗುವಂತೆ ಮಾಡಿ. ಎರಡನೇ ಫೇಸೂ ತಾಗಿದಾಗಲೇ ಅದು ಶಾರ್ಟ್ ಸರ್ಕ್ಯೂಟ್.

11 ಕೆವಿ ಕಡೆ ಡೆಲ್ಟಾ ಇದ್ದರೆ ಇನ್ನೊಂದು ಗುನ್ನ ಇದೆ. ಲೈನ್‌ನಲ್ಲಿ ಒಂದು ಫೇಸ್ ನೆಲಕ್ಕೆ ಬಿದ್ದು ಸಬ್‌ಸ್ಟೇಷನ್ ಬ್ರೇಕರ್ ಮೊದಲು ತೆರೆದುಕೊಂಡರೆ, ಇನ್ವರ್ಟರ್‌ಗಳು ನಿಲ್ಲೋವರೆಗೆ ಉಳಿದ ಫೇಸ್‌ಗಳು 1.73 ಪಟ್ಟಿಗೆ ಏರಬಹುದು. ಓವರ್‌ಕರೆಂಟ್ ರಿಲೇ ಇದನ್ನು ಹಿಡಿಯಲ್ಲ. ನ್ಯೂಟ್ರಲ್ ಡಿಸ್‌ಪ್ಲೇಸ್‌ಮೆಂಟ್ ರಿಲೇ, ಅಂದರೆ 59ಎನ್, ಬೇಕು.

ಹಳೇ_ರಿಲೇ
ದೊಡ್ಡ ಪ್ಲಾಂಟ್‌ಗಳಲ್ಲಿ ಇದಕ್ಕಿಂತ ತಲೆನೋವು ನೆಗೆಟಿವ್ ಸೀಕ್ವೆನ್ಸ್, ಅಂದರೆ ಮೂರು ಫೇಸ್ ಸಮ ಇಲ್ಲದಾಗ ಕಾಣುವ ಕರೆಂಟ್‌ನ ಅಂಶ. ಅಸಮತೋಲನದ ಫಾಲ್ಟ್ ಆದರೂ ಎಷ್ಟೋ ಇನ್ವರ್ಟರ್‌ಗಳು ಸಮತೋಲನದ ಕರೆಂಟನ್ನೇ ಕೊಡುತ್ತವೆ. ನೆಗೆಟಿವ್ ಸೀಕ್ವೆನ್ಸ್ ನೋಡಿ ದಿಕ್ಕು ಹೇಳುವ ರಿಲೇಗೆ ಆಗ ದಿಕ್ಕೇ ತಪ್ಪುತ್ತೆ. 2022ರ ಐಇಇಇ 2800 ಅದಕ್ಕೇ ನೆಗೆಟಿವ್ ಸೀಕ್ವೆನ್ಸ್ ಕರೆಂಟ್ ಕೊಡಬೇಕು ಅಂತ ಹೇಳಿದ್ದು. ಈ 1 ಮೆಗಾವ್ಯಾಟ್‌ಗೆ ಬೇಡ ಬಿಡಿ.

ಚಿಕ್ಕಫ್ಯೂಸ್
11 ಕೆವಿ ಕಡೆ ಈ ಪ್ಲಾಂಟ್‌ನಿಂದ ಫಾಲ್ಟ್ ಲೆವೆಲ್ ಎಷ್ಟು ಏರುತ್ತೆ?

ಫ್ಯೂಸ್‌ಕಟ್ಟೆ
63 ಆಂಪ್. ಅಲ್ಲಿರೋದು 13.1 ಕಿಲೋಆಂಪ್. ಅರ್ಧ ಪರ್ಸೆಂಟ್. ಸ್ವಿಚ್‌ಗೇರ್ ಬದಲಿಸಿ ಅಂತ ಯಾರಾದರೂ ಹೇಳಿದರೆ ಈ ಸಾಲು ತೋರಿಸಿ.

ಕರೆಂಟ್_ಹೋಯ್ತು
ಡಿಸಿ ಕಡೆ ಬರೋಣ್ವಾ? ಬೆಂಕಿ ಬೀಳೋದು ಹೆಚ್ಚಾಗಿ ಅಲ್ಲೇ.

ಬಿಸಿಲ್ಗುದುರೆ
ಬನ್ನಿ. ಸೋಲಾರ್ ಪ್ಯಾನೆಲ್‌ನ ಐಎಸ್‌ಸಿ (ಶಾರ್ಟ್ ಸರ್ಕ್ಯೂಟ್ ಕರೆಂಟ್) 14 ಆಂಪ್, ಗರಿಷ್ಠ ಸೀರೀಸ್ ಫ್ಯೂಸ್ 30 ಆಂಪ್. ಬೈಫೇಶಿಯಲ್ (ಎರಡೂ ಬದಿ ಬೆಳಕು ಹಿಡಿಯುವಂಥದ್ದು), ಹಿಂಬದಿಯ ಫ್ಯಾಕ್ಟರ್ 0.7. ಒಂದೊಂದು ಎಂಪಿಪಿಟಿಗೆ (ಇನ್ವರ್ಟರ್‌ನ ಡಿಸಿ ಇನ್‌ಪುಟ್) ಎರಡು ಸ್ಟ್ರಿಂಗ್ (ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳು).

ಕರೆಂಟ್_ಹೋಯ್ತು
ಎರಡೇ ಸ್ಟ್ರಿಂಗ್ ಇದ್ದರೆ ಫ್ಯೂಸ್ ಬೇಡ. ಒಂದು ಸ್ಟ್ರಿಂಗ್ ಕೆಟ್ಟರೆ ಅದಕ್ಕೆ ಹಿಮ್ಮುಖವಾಗಿ ನುಗ್ಗೋದು ಇನ್ನೊಂದರ 14 ಆಂಪ್, ಪ್ಯಾನೆಲ್ 30 ತಡೆಯುತ್ತೆ. ಸೂತ್ರ: (ಸ್ಟ್ರಿಂಗ್ ಸಂಖ್ಯೆ − 1) × ಐಎಸ್‌ಸಿ, ಪ್ಯಾನೆಲ್‌ನ ಸೀರೀಸ್ ಫ್ಯೂಸ್ ರೇಟಿಂಗ್ ದಾಟಬಾರದು. ಮೂರಿದ್ದರೆ 28, ಗೆರೆ ಮೇಲೆ ನಿಂತಂಗೆ. ಬಿಸಿಲು ಚದರ ಮೀಟರ್‌ಗೆ 1000 ವ್ಯಾಟ್ ದಾಟೋ ದಿನಕ್ಕೆ ಅಂತ 1.25 ಹಾಕಿದರೆ 35, ದಾಟಿತು. ನಾಲ್ಕಿದ್ದರೆ 42, ಮಾತೇ ಇಲ್ಲ.

ಮತ್ತೆ ಒಂದು: ಇನ್‌ಪುಟ್ ಸಾಲದು ಅಂತ ವೈ ಕನೆಕ್ಟರ್ ಹಾಕಿ ಎರಡು ಸ್ಟ್ರಿಂಗ್ ಒಂದು ತೂತಿಗೆ ತುರುಕುತ್ತಾರೆ. ಡ್ರಾಯಿಂಗ್‌ನಲ್ಲಿ ಎರಡು, ಛಾವಣಿ ಮೇಲೆ ನಾಲ್ಕು. ಫ್ಯೂಸ್ ಬೇಡ ಅಂದ ಲೆಕ್ಕ ಅಲ್ಲಿಗೆ ಸತ್ತಿತು.

ಮೂರನೇ_ಫೇಸ್
ಬೈಫೇಶಿಯಲ್‌ಗೆ 14 ಹಿಡಿಯೋದು ತಪ್ಪಲ್ಲವಾ? ಅದು ಮುಂಭಾಗದ ಅಂಕಿ. ಪ್ಯಾನೆಲ್ ಪರೀಕ್ಷೆಯ ಮಾನದಂಡ, 2021ರ ಐಇಸಿ 61215ರಲ್ಲಿ ಹಿಂಭಾಗಕ್ಕೆ 135 ವ್ಯಾಟ್ ಸೇರಿಸಿದ ನೇಮ್‌ಪ್ಲೇಟ್ ಸ್ಥಿತಿ ಇದೆ, 300 ವ್ಯಾಟ್‌ನ ಸ್ಟ್ರೆಸ್ ಸ್ಥಿತಿಯೂ ಇದೆ. 0.7 ಫ್ಯಾಕ್ಟರ್‌ಗೆ ಮೊದಲನೆಯದರಲ್ಲಿ 15.3 ಆಂಪ್, ಎರಡನೆಯದರಲ್ಲಿ 16.9.

ಕರೆಂಟ್_ಹೋಯ್ತು
ಸರಿಯಾದ ಮಾತು. ಫ್ಯೂಸ್ ಆರಿಸೋ ನಿಯಮ ಐಎಸ್‌ಸಿಯ 1.5ಕ್ಕೂ 2.4ಕ್ಕೂ ನಡುವೆ, ಪ್ಯಾನೆಲ್ ಮಿತಿಯೊಳಗೆ. 14 ಹಿಡಿದರೆ 21, ಆಗ 25ರ ಫ್ಯೂಸ್. 15.3 ಹಿಡಿದರೆ 23, ಆಗಲೂ 25. 16.9 ಹಿಡಿದರೆ 25.4, ಆಗ 30ಕ್ಕೆ ಹೋಗಬೇಕು.

ಫ್ಯೂಸ್‌ಕಟ್ಟೆ
ಹಿಂದಿನಿಂದ 300 ವ್ಯಾಟ್ ಬರೋಕೆ ಕೆಳಗೆ ಹಿಮವೋ ಬಿಳಿ ಮೆಂಬ್ರೇನೋ ಇರಬೇಕು. ಬರೀ ಮಣ್ಣಿದ್ದರೆ 25 ಸಾಕು. ಸುಮ್ಮನೆ 30 ಹಾಕಿದರೆ ರಕ್ಷಣೆ ಸಡಿಲ ಆಗುತ್ತೆ.

ಮೂರನೇ_ಫೇಸ್
ಮುಚ್ಚಿದ ಡಬ್ಬಿಯ ಬಿಸಿಯಲ್ಲಿ 25ರ ಫ್ಯೂಸ್ 25 ಆಗಿ ಉಳಿಯಲ್ಲ. ಡೀರೇಟಿಂಗ್ ಹಾಕಿದ ಮೇಲೆ ದಿನಾ ಮಧ್ಯಾಹ್ನ ಅದು ಅಂಚಿನಲ್ಲೇ ಓಡಿ ಹಳಸುತ್ತೆ. ಮೂರು ವರ್ಷಕ್ಕೆ ಕಾರಣವೇ ಇಲ್ಲದೆ ಹೋಗೋದು ಇದಕ್ಕೇ.

ಫ್ಯೂಸ್‌ಕಟ್ಟೆ
ಅದಕ್ಕೆ ಡಬ್ಬಿಗೆ ನೆರಳು ಮಾಡಿ, ಹೋಲ್ಡರ್‌ಗಳ ನಡುವೆ ಜಾಗ ಬಿಡಿ. ಫ್ಯೂಸ್ ದೊಡ್ಡದು ಮಾಡೋದು ಕೊನೆಯ ದಾರಿ.

ಚಿಕ್ಕಫ್ಯೂಸ್
ಕಾಂಬೈನರ್ ಬಾಕ್ಸ್ (ಸ್ಟ್ರಿಂಗ್‌ಗಳನ್ನು ಒಟ್ಟು ಸೇರಿಸುವ ಡಬ್ಬಿ) ಇರೋ ಕಡೆ ಹೇಗೆ? 14 ಸ್ಟ್ರಿಂಗ್ ಒಂದು ಬಾಕ್ಸ್‌ಗೆ, ಸೆಂಟ್ರಲ್ ಇನ್ವರ್ಟರ್.

ಓಮ್‌ಶಾಂತಿ
ಅಲ್ಲಿ ಡಿಸಿ ಫಾಲ್ಟ್‌ನ ಸ್ವಭಾವ ಚೆನ್ನಾಗಿ ಕಾಣುತ್ತೆ. ಪ್ಯಾನೆಲ್‌ನ ಶಾರ್ಟ್ ಸರ್ಕ್ಯೂಟ್ ಕರೆಂಟ್ ಅದು ದಿನಾ ದುಡಿಯೋ ಕರೆಂಟ್‌ಗಿಂತ ಹೆಚ್ಚೇನಿಲ್ಲ, ಆರೇಳು ಪರ್ಸೆಂಟ್. ಹಾಗಾಗಿ ಒಂದು ಸ್ಟ್ರಿಂಗ್‌ನ ಸ್ವಂತ ಕರೆಂಟ್ ಅದರ ಫ್ಯೂಸನ್ನು ಎಂದಿಗೂ ಸುಡಲ್ಲ. ಸುಡಬೇಕಾದ್ದು ಅಕ್ಕಪಕ್ಕದವರ ಕರೆಂಟ್.

ಒಂದು ಸ್ಟ್ರಿಂಗ್‌ನ ಪ್ಲಸ್ ಮೈನಸ್ ಬಾಕ್ಸ್ ಹೊರಗೆ ತಾಗಿತು ಅಂದುಕೊಳ್ಳಿ. ಪೂರ್ತಿ ಬಿಸಿಲಲ್ಲಿ ಉಳಿದ 13 ಸ್ಟ್ರಿಂಗ್ 182 ಆಂಪ್ ಅಲ್ಲಿಗೆ ಸುರಿಯುತ್ತವೆ, 25ರ ಫ್ಯೂಸ್ ಕ್ಷಣದಲ್ಲಿ ಹೋಗುತ್ತೆ. ಈಗ ಬೆಳಗ್ಗೆ ಬಿಸಿಲು 150 ವ್ಯಾಟ್ ಇದ್ದಾಗ ಅದೇ ಫಾಲ್ಟ್. ಒಂದು ಸ್ಟ್ರಿಂಗ್ 2.1 ಆಂಪ್, ಹದಿಮೂರು ಸೇರಿ 27. ಜಿಪಿವಿ ಫ್ಯೂಸ್ (ಸೋಲಾರ್‌ಗೆಂದೇ ಇರುವ ಬಗೆ) 1.13 ಪಟ್ಟಿನವರೆಗೆ ಕರಗಬಾರದು, 1.45 ಪಟ್ಟಿಗೆ ಗಂಟೆಯೊಳಗೆ ಕರಗಬೇಕು. ಅಂದರೆ 28 ಮತ್ತು 36. 27 ಆಂಪ್‌ಗೆ ಅದು ಕದಲೋದೇ ಇಲ್ಲ. ಬಿಸಿಲು ಏರೋವರೆಗೆ ಆ ಜಾಗದಲ್ಲಿ ಆರ್ಕ್ ಹೊತ್ತಿ ಉರೀತಿರಬಹುದು.

ಡೆಲ್ಟಾ_ಸ್ಟಾರ್
ಸೆಂಟ್ರಲ್ ಇನ್ವರ್ಟರ್ ಕಡೆಯದನ್ನೂ ಸೇರಿಸಿ. ಇಂಥ ಆರು ಬಾಕ್ಸ್ ಇದ್ದರೆ ಒಂದೊಂದು 196 ಆಂಪ್. ಒಂದು ಬಾಕ್ಸ್‌ನ ಕೇಬಲ್ ಶಾರ್ಟ್ ಆದರೆ ಬಾಕ್ಸ್ ಕಡೆಯಿಂದ 196, ಇನ್ವರ್ಟರ್ ಕಡೆಯಿಂದ ಉಳಿದ ಐದರ 980, ಜೊತೆಗೆ ಡಿಸಿ ಬಸ್ ಕೆಪಾಸಿಟರ್‌ನ ಹೊಡೆತ. ಫ್ಯೂಸ್ ಇನ್ವರ್ಟರ್ ತುದಿಯಲ್ಲಿರಬೇಕು. ಬರೀ ಬಾಕ್ಸ್ ತುದಿಯಲ್ಲಿ ಹಾಕಿದರೆ ಆ 980ಕ್ಕೆ ತಡೆಯೇ ಇಲ್ಲ.

ಸೊನ್ನೆ_ಸೀಕ್ವೆನ್ಸ್
ಕೆಟ್ಟ ಸ್ಟ್ರಿಂಗ್ ಹುಡುಕೋರಿಗೆ: ಡಿಸಿ ಕ್ಲ್ಯಾಂಪ್ ಹಾಕುವಾಗ ಬಾಣದ ಗುರುತು ಎಲ್ಲಾ ಸ್ಟ್ರಿಂಗ್‌ನಲ್ಲೂ ಒಂದೇ ದಿಕ್ಕಿಗೆ ಇರಲಿ. ಹದಿಮೂರು ಕಡೆ 9.2, 9.1, 9.3 ಅಂತ ಬಂದು ಒಂದು ಕಡೆ ಅಂಕಿಯ ಮುಂದೆ ಮೈನಸ್ ಕಂಡರೆ ಅದೇ ಕಳ್ಳ ಸ್ಟ್ರಿಂಗ್. ಆ ಹೋಲ್ಡರ್ ಎಳೆಯಬೇಡಿ, ಡಿಸಿ ಕರೆಂಟ್ ಸೊನ್ನೆ ದಾಟಲ್ಲ, ಎಳೆದ ಬಾಯಲ್ಲೇ ಆರ್ಕ್ ನಿಲ್ಲುತ್ತೆ. ಇನ್ವರ್ಟರ್ ನಿಲ್ಲಿಸಿದರೂ ಹಿಮ್ಮುಖ ಕರೆಂಟ್ ನಿಲ್ಲಲ್ಲ, ಅದು ಬಾಕ್ಸ್ ಒಳಗೇ ಸುತ್ತುತ್ತೆ. ರಾತ್ರಿಯವರೆಗೆ ಕಾಯೋದು ಹೇಡಿತನ ಅಲ್ಲ.

ಚಿಕ್ಕಫ್ಯೂಸ್
ವಿಷಯಾಂತರ: ಬ್ಯಾಟರಿ ಬ್ಯಾಕಪ್ ಇರೋ 5 ಕಿಲೋವ್ಯಾಟ್ ಮನೆ ಇನ್ವರ್ಟರ್‌ನಲ್ಲಿ, ಗ್ರಿಡ್ ಇಲ್ಲದಾಗ ಶಾರ್ಟ್ ಆದರೆ ಎಂಸಿಬಿ ಬೀಳುತ್ತಾ?

ಫ್ಯೂಸ್‌ಕಟ್ಟೆ
ಬೀಳಲ್ಲ. 230 ವೋಲ್ಟ್‌ಗೆ 5 ಕಿಲೋವ್ಯಾಟ್ ಅಂದರೆ 21.7 ಆಂಪ್, ಎರಡು ಪಟ್ಟು ಕೊಟ್ಟರೂ 43. 32 ಆಂಪ್ ಸಿ ಕರ್ವ್ ಎಂಸಿಬಿಗೆ ಮ್ಯಾಗ್ನೆಟಿಕ್ ಬೇಕಿರೋದು 160ರಿಂದ 320. 16ರ ಬಿ ಕರ್ವ್‌ಗೂ 48 ಬೇಕು. ಗ್ರಿಡ್ ಇದ್ದಾಗ ಬೀಳುತ್ತಿದ್ದದ್ದು ಬ್ಯಾಕಪ್‌ನಲ್ಲಿ ಬೀಳಲ್ಲ, ಇನ್ವರ್ಟರೇ ಶಟ್‌ಡೌನ್ ಆಗುತ್ತೆ. ಭೂಮಿಗೆ ತಾಗಿದ ಫಾಲ್ಟ್‌ಗೆ ಆರ್‌ಸಿಸಿಬಿ (ಭೂಮಿಗೆ ಸೋರುವ ಕರೆಂಟ್ ಕಂಡು ಕಡಿಯುವ ಸ್ವಿಚ್) ಇರಲೇಬೇಕು, ಬ್ಯಾಕಪ್ ಮೋಡ್‌ನಲ್ಲಿ ನ್ಯೂಟ್ರಲ್ ಅರ್ತ್ ಬಾಂಡ್ ಆಗುತ್ತಾ ಅಂತಲೂ ನೋಡಿ. ಬಾಂಡ್ ಇಲ್ಲದಿದ್ದರೆ ಆರ್‌ಸಿಸಿಬಿ ಬರೀ ಅಲಂಕಾರ.

ಬಿಸಿಲ್ಗುದುರೆ
ಸಾಫ್ಟ್‌ವೇರ್ ಫೈಲ್ ತೆಗೆದು ನೋಡಿದೆ. 3.6 ಎಲ್ಲಿಂದ ಬಂತು ಗೊತ್ತಾಯ್ತು, ಇನ್ವರ್ಟರ್ ಜಾಗದಲ್ಲಿ ಸಿಂಕ್ರೊನಸ್ ಜನರೇಟರ್ ಬ್ಲಾಕ್ ಎಳೆದು ಹಾಕಿದ್ದಾರೆ, ಡೀಫಾಲ್ಟ್ ರಿಯಾಕ್ಟೆನ್ಸ್ 0.2 ಹಾಗೇ ಬಿಟ್ಟಿದ್ದಾರೆ. ಬದಲಿಸಿ ಓಡಿಸಿದೆ, ಬಸ್‌ಗೆ 15.9 ಬಂತು. ಬ್ರೇಕರ್ ಟೇಬಲ್ ಕೂಡ ತೆಗೆದೆ: 415ಕ್ಕೆ 36, 690ಕ್ಕೆ 10, 800ರ ಸಾಲು ಇಲ್ಲ.

ಕರೆಂಟ್_ಹೋಯ್ತು
ಆರ್ಡರ್ ನಿಲ್ಲಿಸಿ. 800ಕ್ಕೆ 20 ಕಿಲೋಆಂಪ್ ಅಂತ ಬರೆದಿರೋದನ್ನೇ ಕೇಳಿ, ಹತ್ತು ಫೀಡರ್‌ಗೂ.

ಬಿಸಿಲ್ಗುದುರೆ
ಫೀಡರ್‌ಗೂನಾ? ದೂರದ ಇನ್ವರ್ಟರ್ ಹತ್ತಿರ 7 ಅಲ್ಲವಾ?

ಕರೆಂಟ್_ಹೋಯ್ತು
ಬ್ರೇಕರ್ ಕೂತಿರೋದು ಪ್ಯಾನೆಲ್‌ನಲ್ಲಿ, 15.8 ಇರೋ ಜಾಗದಲ್ಲಿ.